ಕಾಗೆ ಕರೆದ ಬಳಗ

ಕಾಗೆಯಷ್ಟು ನಮ್ಮ ಅಂಗಳಕ್ಕೆ ಹತ್ತಿರವಾದ ಪಕ್ಷಿ ಬೇರೊಂದಿಲ್ಲ. ಆದರೂ ನಮ್ಮ ಪುರಾಣೇತಿಹಾಸಗಳು ಅದಕ್ಕೆ ಒಳ್ಳೆಯ ಪಾತ್ರವನ್ನು ಕೊಟ್ಟದ್ದು ವಿರಳ. ಯೋಗವಾಸಿಷ್ಠದಲ್ಲಿ ಬರುವ ಜ್ಞಾನಿಯಾದ ಭುಶುಂಡನು ಒಂದು ಅಪವಾದ. ಸುಂದರಕಾಂಡದಲ್ಲಿ ಸೀತೆಯು ಹನುಮಂತನಿಗೆ ಗುರುತಾಗಿ ಹೇಳುವ ಕಥೆಯಲ್ಲಿ, ಆಕೆಯನ್ನು ಕುಕ್ಕಿದ ಕಾಗೆಯು ರಾಮನ ದರ್ಭಾಸ್ತ್ರಕ್ಕೆ ಕಣ್ಣನ್ನು ತೆರುತ್ತದೆ. ಕರ್ಣಪರ್ವದಲ್ಲಿ ಶಲ್ಯನು ಕರ್ಣನನ್ನು ಹಂಗಿಸಲು ಆರಿಸಿಕೊಳ್ಳುವುದು, ಎಂಜಲುಂಡು ಕೊಬ್ಬಿ, ಹಂಸದೊಡನೆ ಪಂತ ಕಟ್ಟಿ ಕಡಲಿನಲ್ಲಿ ಸೋತ ಕಾಗೆಯನ್ನು.

ಅರಕಲಗೂಡಿನ ಹೆಸರನ್ನು ಸ್ಥಳಪುರಾಣವು ಅರ್ಕನಿಂದ, ಎಂದರೆ ಸೂರ್ಯನಿಂದ ತರುತ್ತದೆ. ಆ ಸೂರ್ಯನ ಮಗನಾದ ಶನಿಗೆ ಕಾಗೆಯೇ ವಾಹನ! ಇದೇ ಸೀಮೆಯಲ್ಲಿ ಹರಿಯುವ ಕಾವೇರಿಯ ದಡದ ಊರುಗಳಲ್ಲಿ ಮಹಾಲಯದ ದಿನ ಪಿಂಡವಿಟ್ಟು ಕಾಗೆಯ ಬರವನ್ನು ಕಾಯುವವರನ್ನು ತಾವೂ ಕಂಡಿರಬಹುದು. ಅದು ಬಂದು ಮುಟ್ಟಿದರೆ ಹಿರಿಯರು ತೃಪ್ತರು. ಬಾರದಿದ್ದರೆ ಮನೆಮಂದಿಗೆ ಅಳುಕು. ಪಾಪಿ, ಅಹಂಕಾರಿ, ಗ್ರಹವಾಹನ, ಪಿತೃದೂತ ಎಲ್ಲವೂ ಆಗಬಲ್ಲ ಈ ಹಕ್ಕಿಗೆ ಬರಿಯ ಕಾಗೆಯಾಗಿರಲು ಮಾತ್ರ ಎಡೆ ಸಿಕ್ಕಲಿಲ್ಲ. ಮಕ್ಕಳಿಗೆ ಹೇಳುವ ಕಾಗಕ್ಕ-ಗುಬ್ಬಕ್ಕನ ಕಥೆಯಲ್ಲಿಯೂ ಅದು ಮಳೆಯಲ್ಲಿ ಮನೆ ಕಳೆದುಕೊಂಡು ಗುಬ್ಬಿಯ ಬಾಗಿಲಲ್ಲಿ ನಿಂತ ಬೇಡದ ಅತಿಥಿ.

ಬಸವಣ್ಣನವರ ಪ್ರಸಿದ್ಧ ವಚನಕ್ಕೆ ಬಂದಾಗ ಈ ಕಾಗೆಯ ಸ್ಥಾನವೇ ಬದಲಾಗುತ್ತದೆ. ಪಿಂಡದ ಅಗುಳು ಅಲ್ಲಿಲ್ಲ. ಎಲ್ಲಿಯೋ ಕಣ್ಣಿಗೆ ಬಿದ್ದ ಒಂದೇ ಅಗುಳು. ಅದನ್ನು ಕಂಡ ಕಾಗೆಯು ತನ್ನ ಬಳಗವನ್ನು ಕರೆಯುತ್ತದೆ, ಅಷ್ಟೇ. ಶಕುನವಿಲ್ಲ, ಶಾಪವಿಲ್ಲ. ಬಾಗಿಲಲ್ಲಿ ನಿಂತಿದ್ದ ಹಕ್ಕಿ ಈಗ ಪಂಕ್ತಿಗೆ ಕರೆಯುವ ಹಕ್ಕಿಯಾಗಿದೆ. ಕೋಳಿಯೂ ಹಾಗೆಯೇ ತನ್ನ ಕುಲವನ್ನು ಕರೆಯುತ್ತದೆಂದು ಹೇಳಿ, ಭಕ್ತಿಪಕ್ಷವಿಲ್ಲದ ಭಕ್ತನನ್ನು ಅವರು ಈ ಎರಡಕ್ಕಿಂತಲೂ ಕೀಳಾಗಿ ಎಣಿಸುತ್ತಾರೆ.

ಈ ವಚನವನ್ನು ಸಭೆ ಸಮ್ಮೇಳನಗಳಲ್ಲಿ ‘ನಮ್ಮವರು ಒಗ್ಗೂಡಬೇಕು’ ಎಂಬುದಕ್ಕೆ ನಿದರ್ಶನವಾಗಿ ಉಪಯೋಗಿಸುವ ರೂಢಿಯಿದೆ. ಕಾಗೆ ತನ್ನ ಜಾತಿಯನ್ನೇ ಅಲ್ಲವೆ ಕರೆಯುವುದು ಎಂಬ ವಾದವೂ ಕೇಳಿಬರುತ್ತದೆ. ಇದು ಕಾಗೆಯನ್ನು ಹಿಡಿದುಕೊಂಡು ವಚನವನ್ನು ಕೈಬಿಡುವ ವ್ಯಾಖ್ಯಾನವೆಂದು ನಮ್ಮ ಅಭಿಪ್ರಾಯ. ಪಕ್ಷವೆಂದರೆ ಕಡೆ, ರೆಕ್ಕೆ ಎಂಬ ಎರಡು ಅರ್ಥಗಳೂ ಉಂಟು. ಹಕ್ಕಿಯ ಪ್ರಸ್ತಾಪದ ನಡುವೆ ಆ ಮಾತು ಸುಮ್ಮನೆ ಬಿದ್ದಿರಲಾರದು. ಆದರೆ ಅದರ ಹಿಂದಿರುವುದು ಭಕ್ತಿಯೆಂಬ ಪದ, ಜಾತಿಯೆಂಬ ಪದವಲ್ಲ. ಸಮಗಾರ ಹರಳಯ್ಯನವರನ್ನೂ ಬ್ರಾಹ್ಮಣ ಮಧುವರಸರನ್ನೂ ಒಂದೇ ಬಳಗವೆಂದು ತಿಳಿದವರ ಮಾತಿದು. ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮವನೆಂದೇ ಎಣಿಸಿಕೊಳ್ಳುವಂತೆ ಬೇಡಿದವರೂ ಅವರೇ. ಮಠದ ದಾಸೋಹದಲ್ಲಿ ಉಂಡು ಓದಿದ ವಾಚಕರು, ತಮ್ಮ ಎಡಬಲಗಳಲ್ಲಿ ಕುಳಿತು ಉಂಡವರು ಯಾರು ಯಾರೆಂಬುದನ್ನು ನೆನೆದುಕೊಂಡು ಈ ವಚನವನ್ನು ಮತ್ತೊಮ್ಮೆ ಓದಬೇಕೆಂದು ಕೋರುತ್ತೇವೆ.

ಪ್ರಾಸಂಗಿಕವಾಗಿ ಒಂದು ಮಾತು. 1980ರ ದಶಕದಲ್ಲಿ ಬರ್ಂಡ್ ಹೈನ್ರಿಕ್ ಎಂಬ ವಿಜ್ಞಾನಿ ಅಮೆರಿಕದ ಮೇನ್ ರಾಜ್ಯದ ಕಾಡಿನಲ್ಲಿ, ಕಾಗೆಯ ಕುಟುಂಬಕ್ಕೆ ಸೇರಿದ ರೇವನ್ ಪಕ್ಷಿಗಳನ್ನು ಚಳಿಗಾಲಗಳುದ್ದಕ್ಕೂ ಕಾದು ನೋಡಿದರು. ಸತ್ತ ಪ್ರಾಣಿಯನ್ನು ಕಂಡ ಎಳೆಯ ಹಕ್ಕಿ ಇತರರನ್ನು ಕೂಗಿ ಕರೆಯುತ್ತಿತ್ತು; ಆ ಎಡೆಯನ್ನು ಕಾಯುವ ಬಲಿಷ್ಠ ಜೋಡಿಯನ್ನು ಒಂಟಿಯಾಗಿ ಎದುರಿಸಲು ಅದಕ್ಕೆ ಸಾಧ್ಯವಿರಲಿಲ್ಲ. ಹಾಗೆ ನೆರೆದ ಹಕ್ಕಿಗಳು ಬಹುಮಟ್ಟಿಗೆ ರಕ್ತಸಂಬಂಧಿಗಳಲ್ಲವೆಂದು 1994ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ನಮ್ಮೂರಿನ ಕಾಗೆ ಬೇರೆ ಜಾತಿಯದು. ಆದುದರಿಂದ ಇದನ್ನು ವಚನಕ್ಕೆ ಪುರಾವೆಯೆನ್ನುವಂತಿಲ್ಲ. ಆದರೂ ಕಾಗೆಯ ಬಳಗವೆಂದರೆ ಹುಟ್ಟಿನ ಬಳಗವೇ ಎಂದು ಸಾಧಿಸುವವರು ಸ್ವಲ್ಪ ತಡೆದು ಮಾತಾಡುವುದು ಲೇಸು.

ಬಸವಣ್ಣನವರ ಇನ್ನೊಂದು ವಚನದಲ್ಲಿ ಕಾಗೆಯು ಹೊನ್ನಿನ ಕಲಶದ ಮೇಲೆ ಹೊಲಸು ಮಾಡುತ್ತದೆ. ಅಂತಹ ಕಲಶವಾಗುವುದಕ್ಕಿಂತ ಶರಣರು ಮೆಟ್ಟುವ ಪಾದರಕ್ಷೆಯಾಗುವುದೇ ತಮಗೆ ಬೇಕೆಂದು ಅವರು ಕೇಳಿಕೊಳ್ಳುತ್ತಾರೆ. ಅಲ್ಲಿಯೂ ತಿರಸ್ಕಾರವು ಕಾಗೆಯ ಮೇಲಿಲ್ಲ. ಎತ್ತರದಲ್ಲಿ ಹೊಳೆಯುತ್ತ ಯಾರ ಕಾಲಿಗೂ ಒದಗದೆ ನಿಂತ ಆ ಕಲಶದ ಮೇಲಿದೆ.