ಮಹಡಿಯ ಮೇಲಿನ ಹೆಲೆನಾ

ಕಾದಾಟವನ್ನು ಮೇಲಿಂದ ನೋಡುವ ದೊಡ್ಡಮನೆಯ ಹೆಂಗಸು ಗುಂಡ್ಲುಪೇಟೆ, ಬಂಡೀಪುರದ ಕಡೆಯ ನಮಗೆ ಹೊಸಬಳಲ್ಲ. ವಿಜಯದಶಮಿಯಂದು ಮೈಸೂರು ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಚಾಮರಾಜನಗರದ ಜಟ್ಟಿಗಳೂ ಹೋಗುತ್ತಾರೆ. ತಲೆ ಬೋಳಿಸಿಕೊಂಡು, ಮುಳ್ಳಿನ ಆಯುಧವನ್ನು ಬೆರಳಿಗೆ ಸಿಕ್ಕಿಸಿಕೊಂಡು ಎದುರುಬದುರು ನಿಲ್ಲುತ್ತಾರೆ. ಒಬ್ಬನ ನೆತ್ತಿಯಲ್ಲಿ ರಕ್ತ ಜಿನುಗಿತೋ, ಕಾಳಗ ಮುಗಿಯಿತು. ಇನ್ನೊಂದು ಹನಿ ಬೇಕೆಂದು ಮಹಡಿಯ ಮೇಲಿನ ರಾಣಿಯೂ ಕೇಳುವಂತಿಲ್ಲ, ಕೆಳಗಿರುವ ರಾಜನೂ ಕೇಳುವಂತಿಲ್ಲ.

ಸ್ಟಾನ್ಲಿ ಕುಬ್ರಿಕ್ ನಿರ್ದೇಶಿಸಿದ ‘ಸ್ಪಾರ್ಟಕಸ್’ (1960) ನೋಡುವಾಗ ನಾಯಕ ಕರ್ಕ್ ಡಗ್ಲಾಸ್‌ನನ್ನು ಬಿಟ್ಟು ನನ್ನ ಕಣ್ಣು ನೀನಾ ಫಾಶ್ ಮೇಲೆ ನೆಟ್ಟದ್ದು ಇದರಿಂದಲೇ. ಆಕೆ ಮಾಡಿದ ರೋಮಿನ ಸಿರಿವಂತೆ ಹೆಲೆನಾ ಕೆಲವೇ ನಿಮಿಷಗಳ ಪಾತ್ರ. ರೋಮಿನ ಸೇನಾನಿ ಕ್ರಾಸಸ್ ಜೊತೆ ಕಾಪುವಾದ ಗ್ಲಾಡಿಯೇಟರ್ ಶಾಲೆಗೆ ಬಂದವಳು ಸಾಯುವ ತನಕದ ಕಾಳಗ ಬೇಕೆನ್ನುತ್ತಾಳೆ. ನಮ್ಮಲ್ಲಿ ಆ ರೂಢಿಯಿಲ್ಲ ಎಂದು ಶಾಲೆಯ ಒಡೆಯ ಬಟಿಯಾಟಸ್ ತಡವರಿಸುತ್ತಾನೆ. ದುಡ್ಡಿನ ಮಾತು ಬಂದಮೇಲೆ ರೂಢಿ ಮುರಿಯುತ್ತದೆ. ಗೆಳತಿ ಕ್ಲಾಡಿಯಾ ಜೊತೆ ಸೇರಿ ಆಳುಗಳನ್ನು ಆರಿಸುವಾಗ ಫಾಶ್ ಮುಖದಲ್ಲಿ ಕ್ರೌರ್ಯದ ಗೆರೆಯೇ ಇಲ್ಲ. ಅಂಗಡಿಯಲ್ಲಿ ಸೀರೆ ಆರಿಸುವ ನಿರಾಳ. ಬೆಚ್ಚಿಬೀಳಿಸುವುದು ಅದೇ.

ಮೊದಲ ಜೋಡಿಯ ಕಾಳಗವನ್ನು ಕುಬ್ರಿಕ್ ನೇರವಾಗಿ ತೋರಿಸುವುದಿಲ್ಲ. ಹಲಗೆಯ ಗೂಡಿನೊಳಗೆ ಸರದಿ ಕಾಯುತ್ತಿರುವ ಸ್ಪಾರ್ಟಕಸ್ ಮತ್ತು ಅವನ ಎದುರಾಳಿ ಡ್ರಾಬಾನ ಮುಖದ ಮೇಲೇ ಕ್ಯಾಮೆರಾ ನಿಲ್ಲುತ್ತದೆ. ಕತ್ತಿಯ ಸದ್ದು ಹೊರಗೆ. ಆಮೇಲೆ ಡ್ರಾಬಾ ಸ್ಪಾರ್ಟಕಸ್‌ನನ್ನು ಕೊಲ್ಲದೆ ತ್ರಿಶೂಲವನ್ನು ಮಹಡಿಯತ್ತ ಎಸೆಯುತ್ತಾನೆ, ಹತ್ತಿಬರುತ್ತಾನೆ. ಅವನ ಕತ್ತು ಕೊಯ್ದ ಕ್ರಾಸಸ್ ಮುಖಕ್ಕೆ ರಕ್ತ ಚಿಮ್ಮುತ್ತದೆ. ಹೆಲೆನಾ? ಅಲ್ಲಿಗೆ ಆಕೆಯ ಕೆಲಸ ಮುಗಿಯಿತು. ಚಿತ್ರ ಆಕೆಯನ್ನು ಮರೆತೇಬಿಡುತ್ತದೆ.

ನನ್ನ ತಕರಾರು ಇಲ್ಲೇ. ಹಾವರ್ಡ್ ಫಾಸ್ಟ್‌ರ 1951ರ ಕಾದಂಬರಿಯಲ್ಲಿ ಈ ಕಾಳಗವನ್ನು ಕೊಳ್ಳುವವರು ಇಬ್ಬರು ಗಂಡಸರು, ಬ್ರಾಕಸ್ ಮತ್ತು ಕೈಯಸ್. ಆಳುಗಳು ಬೆತ್ತಲೆಯಾಗಿ ಕಾದಬೇಕೆಂದು ಕೇಳುವವನೂ ಗಂಡಸೇ. ಚಿತ್ರಕಥೆ ಬರೆದ ಡಾಲ್ಟನ್ ಟ್ರಂಬೊ ಆ ಚಪಲವನ್ನೆಲ್ಲ ಹೆಂಗಸರ ಬಾಯಿಗೆ ಹಾಕಿ, ಗಂಡಸರನ್ನು ಪಕ್ಕದಲ್ಲಿ ರಾಜಕಾರಣ ಮಾತಾಡಲು ಕೂರಿಸಿದ್ದಾರೆ. ದೃಶ್ಯಕ್ಕೆ ಚುರುಕು ಬಂದಿದೆ, ನಿಜ, ಆದರೆ ನ್ಯಾಯ ತಪ್ಪಿದೆ. ಕಾದಂಬರಿ ಓದಿದವರು ಚಿತ್ರವನ್ನು ಇನ್ನೊಮ್ಮೆ ನೋಡಿ, ಯಾರ ಮಾತು ಯಾರ ಬಾಯಿಗೆ ಬಂದಿದೆ ಎಂದು ಗಮನಿಸಿ.