ಮಹಿಷಾಸುರ ಮಾತಿಗಿಳಿದ ಮೇಲೆ

ನವೆಂಬರ್ ಕಳೆದು ಮೇಳಗಳ ತಿರುಗಾಟ ಮುಗಿಯುವ ಮೇ ತಿಂಗಳ ಪತ್ತನಾಜೆ ಬರುವವರೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವುದಾದರೂ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ‘ಶ್ರೀದೇವಿ ಮಹಾತ್ಮೆ’ ಯಕ್ಷಗಾನದ ಆಟ ನಡೆಯುತ್ತಲೇ ಇರುತ್ತದೆ. ಹೆಚ್ಚಿನವು ಕಟೀಲು ಮೇಳಗಳ ಹರಕೆ ಆಟಗಳು. ಟಿಕೆಟ್ಟಿಲ್ಲ, ಆಮಂತ್ರಣ ಬೇಕಿಲ್ಲ. ಊರಿಗೆ ಹೊಸಬರಾದವರಿಗೆ ನೆರೆಯವರು ಹೇಳುವ ಮಾತು ಒಂದೇ: ಮಹಿಷಾಸುರ ಬರುವವರೆಗೆ ಕೂತಿರಿ, ಎದೆ ನಡುಗುತ್ತದೆ. ಕೂರುತ್ತಾರೆ. ನಡುಗುವುದೂ ನಿಜ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ಭಯ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ವೇಷಧಾರಿ ಸೋತನೇ? ಇಲ್ಲ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ರಾಕ್ಷಸನನ್ನು ಸವಿಯಬೇಕಾದರೆ ಮೊದಲು ತಿಳಿಯಬೇಕಾದದ್ದೇ ಇದು: ಅವನ ಭಯ ಕರಗುವುದಕ್ಕೇ ಇರುವಂಥದ್ದು.

ಹೊಸಬರು ಆಟ ಶುರುವಾಗುವ ಮೊದಲೇ ವೇಷ ಕಟ್ಟುವ ಚೌಕಿಗೆ ಹೋಗುವುದು ಒಳ್ಳೆಯದು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಸಣ್ಣ ಮುಳ್ಳುಗಳಂತೆ ಮುಖದ ಮೇಲೆ ಒಂದೊಂದಾಗಿ ಇಡುತ್ತ ಹೋಗುವ ಕೆಲಸಕ್ಕೆ ಮೂರ್ನಾಲ್ಕು ಗಂಟೆ ಬೇಕು. ರಾಕ್ಷಸ ಪಾತ್ರದ ಬಣ್ಣದ ವೇಷಧಾರಿ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ, ಕನ್ನಡಿ ಹಿಡಿದುಕೊಂಡು, ಹೆಚ್ಚು ಮಾತಿಲ್ಲದೆ. ಬರೆದಾದ ಮೇಲೆ ಮನುಷ್ಯನ ಕೆನ್ನೆ, ಹುಬ್ಬು, ಮೂಗು ಯಾವುದೂ ಉಳಿಯುವುದಿಲ್ಲ. ಕಣ್ಣು, ದನಿ ಎರಡೇ ಉಳಿಯುತ್ತವೆ. ಹೆಸರಿಗೇ ಬಣ್ಣ ಅಂಟಿಸಿಕೊಂಡ ಬಣ್ಣದ ಮಾಲಿಂಗರಿಂದ ಹಿಡಿದು ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಸದಾಶಿವ ಶೆಟ್ಟಿಗಾರರವರೆಗೆ ಈ ಸಾಲಿನ ಕಲಾವಿದರು ದುಡಿಸಿಕೊಂಡದ್ದು ಆ ಎರಡನ್ನೇ.

ಇನ್ನು ಪ್ರವೇಶ. ಮಹಿಷಾಸುರ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ ಬರುತ್ತಾನೆ. ಮೊದಲು ಕೇಳುವುದು ಅಬ್ಬರ. ಚೆಂಡೆಯ ಪೆಟ್ಟು ಬಿಗಿಯಾಗುತ್ತದೆ, ದೊಂದಿಗೆ ರಾಳದ ಪುಡಿ ಬಿದ್ದು ಬೆಂಕಿ ಭುಗ್ಗೆನ್ನುತ್ತದೆ, ಆ ಬೆಳಕಲ್ಲಿ ಕೋಣನ ಕೊಂಬು ಕಂಡು ಮರೆಯಾಗುತ್ತದೆ. ಹೊಸಬರು ಇಲ್ಲಿ ಎದುರಿನ ಸಾಲು ಬಿಟ್ಟು ನಡುವಿನ ದಾರಿಯ ಪಕ್ಕದಲ್ಲಿ ಕೂರಬೇಕು. ಮೊಬೈಲು ಎತ್ತಿ ಹಿಡಿದವನಿಗೆ ಕಾಣುವ ಮಹಿಷಾಸುರ ಅಂಗೈಯಷ್ಟೇ. ಅವನಿಗೆ ಯಾರು ಹೆದರುತ್ತಾರೆ?

ರಂಗಸ್ಥಳ ಏರಿದವನು ತಾಯಿ ಮಾಲಿನಿಯ ಮುಂದೆ ನಿಲ್ಲುತ್ತಾನೆ. ಈಗ ಮಾತು. ಅಮ್ಮನ ದುಃಖ ಕೇಳುವ ಮಗನಾದ ಕ್ಷಣದಲ್ಲೇ ಕೊಂಬು ಬರೀ ವೇಷವಾಗುತ್ತದೆ. ಇದು ನಷ್ಟವಲ್ಲ. ಹತ್ತು ನಿಮಿಷದ ಹಿಂದೆ ಮಗುವನ್ನು ಅಳಿಸಿದವನ ಬಗ್ಗೆ ಈಗ ಸಣ್ಣದೊಂದು ಮರುಕ ಹುಟ್ಟುತ್ತದಲ್ಲ, ಹಳೆಯ ರಸಿಕರು ಕಾಯುವುದು ಅದಕ್ಕೇ. ಮುಂದೆ ಬರುವ ರಕ್ತಬೀಜನಿಗಂತೂ ಅರ್ಥಗಾರಿಕೆಯೇ, ಅಂದರೆ ಆಶುಮಾತೇ, ಜೀವ. ಒಂದೊಂದು ಹನಿ ರಕ್ತಕ್ಕೂ ಒಬ್ಬೊಬ್ಬ ರಾಕ್ಷಸ ಹುಟ್ಟುವ ಕಲ್ಪನೆ ಕೇಳುವಾಗ ಮೈ ಜುಮ್ಮೆನ್ನಿಸಿದರೂ, ಅವನ ತರ್ಕಕ್ಕೆ ತಲೆದೂಗುವ ಪ್ರೇಕ್ಷಕ ಹೆದರುವುದನ್ನು ಮರೆತಿರುತ್ತಾನೆ.

ಟಿವಿಯ ವೈಜ್ಞಾನಿಕ ಕಥೆಗಳಿಗೆ ಈ ಪಾಠ ತಡವಾಗಿ, ಅದೂ ಕೈಸುಟ್ಟುಕೊಂಡು ಬಂತು. ‘ಸ್ಟಾರ್ ಟ್ರೆಕ್’ ಸರಣಿಯಲ್ಲಿ 1989ರಲ್ಲಿ ಕಾಣಿಸಿಕೊಂಡ ಬೋರ್ಗ್ ಎಂಬ ಯಂತ್ರಮಾನವರ ಹಿಂಡಿಗೆ ನಾಯಕನಿರಲಿಲ್ಲ, ಸಂಧಾನವೂ ನಡೆಯುತ್ತಿರಲಿಲ್ಲ. ಭಯ ಇದ್ದದ್ದು ಅದರಲ್ಲೇ. 1996ರ ಸಿನಿಮಾ ಅವರಿಗೊಬ್ಬ ರಾಣಿಯನ್ನು ಕೊಟ್ಟಿತು. ರಾಣಿ ಮಾತಾಡಿದಳು, ಆಸೆ ತೋರಿಸಿದಳು. ಆಮೇಲೆ ‘ವಾಯೇಜರ್’ ಸರಣಿಯಲ್ಲಿ ಒಂಟಿ ಹಡಗೊಂದು ಅವರ ಕೈಯಿಂದ ಮತ್ತೆ ಮತ್ತೆ ಪಾರಾಗುತ್ತ ಹೋಯಿತು. ನಮ್ಮ ದೂರದರ್ಶನದಲ್ಲಿ 1997ರಿಂದ ಮಕ್ಕಳನ್ನು ಹೆದರಿಸಿದ ‘ಶಕ್ತಿಮಾನ್’ನ ತಮರಾಜ್ ಕಿಲ್ವಿಶ್, ಅದೇ ಮಕ್ಕಳು ದೊಡ್ಡವರಾಗಿ ಮೊಬೈಲಿನಲ್ಲಿ ಹಂಚಿಕೊಳ್ಳುವ ತಮಾಷೆಯಾದ. ವಾರವಾರ ಬಂದು ವಾರವಾರ ಸೋಲುವವನ ಗತಿ ಅದೇ.

ಮಹಿಷಾಸುರನೂ ಪ್ರತಿ ಆಟದಲ್ಲಿ ಸೋಲುತ್ತಾನೆ. ಅವನು ಸಾಯುತ್ತಾನೆಂಬುದು ಗೊತ್ತಿಲ್ಲದ ಒಬ್ಬನೂ ಆ ಗದ್ದೆಯಲ್ಲಿಲ್ಲ. ವ್ಯತ್ಯಾಸವೆಂದರೆ ಆಟ ಭಯವನ್ನು ಕಥೆಯ ತಿರುವಿಗೆ ಒಪ್ಪಿಸಿಲ್ಲ. ಕತ್ತಲೆಗೆ, ದನಿಗೆ, ಹೊತ್ತಿಗೆ ಒಪ್ಪಿಸಿದೆ. ಹಾಗಾಗಿ ಆ ಮೂರನ್ನು ಕಿತ್ತುಕೊಂಡರೆ ಅವನೂ ಉಳಿಯುವುದಿಲ್ಲ. ದೊಂದಿ ಹೋಗಿ ಗ್ಯಾಸ್‌ಲೈಟು, ಅದು ಹೋಗಿ ಟ್ಯೂಬ್‌ಲೈಟು, ಈಗ ಎಲ್‌ಇಡಿ. ಅಂಗಳವೆಲ್ಲ ಹಗಲಾದ ಮೇಲೆ ರಾಳದ ಬೆಂಕಿ ಬರೀ ಶಾಸ್ತ್ರಕ್ಕೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ತಡೆ ಹಾಕುವ 2000ನೇ ಇಸವಿಯ ನಿಯಮವಿದೆ, ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರೂ ಇದ್ದಾರೆ. ಧರ್ಮಸ್ಥಳ ಮೇಳವೂ ಸೇರಿದಂತೆ ಹಲವು ಮೇಳಗಳು ನಡುರಾತ್ರಿಯ ಹೊತ್ತಿಗೆ ಮುಗಿಯುವ ಕಾಲಮಿತಿ ಆಟಕ್ಕೆ ಹೊರಳಿವೆ. ಅದನ್ನು ದೂರುವುದು ಸುಲಭ, ಆದರೆ ಕಾಲಮಿತಿಯಿಂದಾಗಿ ಆಟಕ್ಕೆ ಮರಳಿ ಬಂದ ಮನೆಮಂದಿಯೂ ಕಡಿಮೆಯಿಲ್ಲ. ಆದರೂ ನಿದ್ದೆಗಣ್ಣಿನ ನಡುರಾತ್ರಿಯಲ್ಲಿ ಅಬ್ಬರ ಕೇಳಿ ಬೆಚ್ಚಿ ಏಳುವುದಕ್ಕೂ ಊಟದ ಹೊತ್ತಿಗೆ ಅದನ್ನು ಕೇಳುವುದಕ್ಕೂ ಅಂತರವಿದೆ. ಇಡೀ ರಾತ್ರಿಯ ಆಟ ಸಿಕ್ಕರೆ ಹೊಸಬರು ಬಿಡಬಾರದು.

ಮಹಿಷಾಸುರನನ್ನು ಎರಡು ಮೂರು ಸಲ ನೋಡಿದ ಮೇಲೆ ರಾಕ್ಷಸಿಯ ವೇಷವಾದ ಹೆಣ್ಣುಬಣ್ಣಕ್ಕೆ ಬರಬಹುದು. ‘ಪಂಚವಟಿ’ ಪ್ರಸಂಗದ ಶೂರ್ಪನಖಿಯಲ್ಲಿ ಹೆದರಿಕೆಯೂ ನಗುವೂ ಒಂದೇ ಮುಖದಲ್ಲಿರುತ್ತವೆ. ಅಬ್ಬರಿಸುತ್ತ ಬಂದವಳೇ ನಾಚಿ ಸಿಂಗರಿಸಿಕೊಳ್ಳತೊಡಗಿದಾಗ ಹೆಂಗಸರ ಕಡೆಯಿಂದ ಮೊದಲ ನಗೆ ಏಳುತ್ತದೆ. ಆ ನಗೆ ಎಷ್ಟು ಹೊತ್ತಿಗೆ ಎದ್ದಿತು, ವೇಷಧಾರಿ ಅದನ್ನು ಬೇಕೆಂದೇ ಎಬ್ಬಿಸಿದನೋ ಅಥವಾ ಅವನ ಕೈಮೀರಿ ಎದ್ದಿತೋ ಎಂದು ಗಮನಿಸಬೇಕು. ಮರುದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಊರವರು ವಾದ ಮಾಡುವುದು ಅದರ ಬಗ್ಗೆಯೇ.