ಕಳ್ಳಿಯ ಕಸಿ, ಕಳ್ಳಿಯ ಕ್ರಾಸಿಂಗ್

ನಮ್ಮ ಕೊಪ್ಪಳ ಸೀಮೆಯ ಇರಕಲ್ಲಗಡದ ಕಲ್ಲುಗುಡ್ಡಗಳ ಬುಡದಲ್ಲಿ ಪಾಪಾಸುಕಳ್ಳಿಗೆ ಯಾರೂ ನೀರು ಹಾಕುವುದಿಲ್ಲ, ಅದು ಕೇಳುವುದೂ ಇಲ್ಲ. ಇಂಥ ಸೀಮೆಯಲ್ಲೂ ಕುಂಡದಲ್ಲಿ ಕಳ್ಳಿ ಸಾಕುವ ಹವ್ಯಾಸ ಹತ್ತಿದವರು ನರ್ಸರಿಯಿಂದ ಮೊದಲು ತರುವುದು ಕೆಂಪು ತಲೆಯ ‘ಮೂನ್ ಕ್ಯಾಕ್ಟಸ್’. ನನ್ನ ತಕರಾರು ಇರುವುದು ಅದರ ಮೇಲೆಯೇ.

1941ರಲ್ಲಿ ಜಪಾನಿನ ಐಜಿ ವತನಬೆ ಬೀಜದ ಸಸಿಗಳಲ್ಲಿ ಆ ಕೆಂಪನ್ನು ಕಂಡು ಕಸಿ ಕಟ್ಟಿ ಉಳಿಸಿದರು. ಪತ್ರಹರಿತ್ತಿಲ್ಲದ ಆ ಕೆಂಪು ತಲೆಗೆ ಸ್ವಂತ ಅನ್ನವಿಲ್ಲ. ಅಡಿಯ ಮೂರು ಮೂಲೆಯ ಹಸಿರು ಕಾಂಡ, ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟಿನದು, ಇಬ್ಬರಿಗೂ ದುಡಿಯಬೇಕು. ಕೆಲವೇ ವರ್ಷಗಳಲ್ಲಿ ಜೋಡಿ ಸೊರಗುತ್ತದೆ. ಬರೀ ಬಣ್ಣಕ್ಕಾಗಿ ಗಿಡವನ್ನು ಹೀಗೆ ಸವೆಸುವುದು ನನಗೆ ಒಪ್ಪಿಗೆಯಿಲ್ಲ.

ಕಸಿಯ ವಿದ್ಯೆ ಮಾತ್ರ ದೊಡ್ಡದು. ಚೊಕ್ಕ ಬ್ಲೇಡಿನಿಂದ ಎರಡೂ ಕಾಂಡ ಅಡ್ಡ ಕೊಯ್ದು, ನಡುವಿನ ನಾಳದ ಉಂಗುರಗಳು ಒಂದು ಕಡೆಯಾದರೂ ಒಂದನ್ನೊಂದು ಹಾಯುವಂತೆ ಕೂರಿಸಿ, ರಬ್ಬರ್ ಬ್ಯಾಂಡ್ ಬಿಗಿಯಬೇಕು. ಬೇರು ಕೊಳೆತ ಅಪರೂಪದ ಕಳ್ಳಿಯ ತಲೆ ಹೀಗೆ ಬದುಕುತ್ತದೆ. ವರ್ಷಗಟ್ಟಲೆ ಮಿಸುಕದ ಸಸಿ ಬೇಗ ಹೂವಿಗೆ ಬರುತ್ತದೆ. ಜೀವ ಉಳಿಸುವ ಈ ಕಸಿಗೆ ನನ್ನ ಪೂರ್ಣ ಮತ. (ಲೋಳೆಸರ, ಕತ್ತಾಳೆಗಳಲ್ಲಿ ಬೆಸೆಯುವ ಪದರವೇ ಇಲ್ಲ, ಅಲ್ಲಿ ಇದು ನಡೆಯದು. ಹಾಲು ಸುರಿಸುವ ಬೊಂತಗಳ್ಳಿಯನ್ನು ಪಾಪಾಸುಕಳ್ಳಿಗೆ ಕಟ್ಟಿದರೂ ಬೆಸೆಯದು, ಸಸ್ಯಕುಟುಂಬವೇ ಬೇರೆ.)

ಸಂಕರದ ಮಾತಿಗೆ ಬಂದರೆ ನಮ್ಮ ಭಾಗಕ್ಕೆ ಗುರುಗಳು ಹೊರಗಿನಿಂದ ಬರಬೇಕಿಲ್ಲ. ಕೊಪ್ಪಳ, ಕುಷ್ಟಗಿಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ‘ಕ್ರಾಸಿಂಗ್’ ಮಾಡುವುದನ್ನು ನೋಡಬೇಕು. ಹತ್ತಿಯಲ್ಲಾದರೆ ಸಂಜೆ ಮೊಗ್ಗಿನ ಕೇಸರ ತೆಗೆದು ಗುರುತು ಮಾಡಿ, ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂವಿನಿಂದ ಪರಾಗ ಮುಟ್ಟಿಸುತ್ತಾರೆ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಎಂಬ ಸಂಕರ ಹತ್ತಿಯ ತಾಯಿ ಲಕ್ಷ್ಮಿ, ತಂದೆ ಎಸ್‌ಬಿ 289ಇ. ಐವತ್ತು ವರ್ಷ ಕಳೆದರೂ ಆ ವಂಶಾವಳಿ ಕೇಳಿದವರಿಗೆ ಸಿಗುತ್ತದೆ.

ಹವ್ಯಾಸಿಗಳ ಕುಂಡಗಳಲ್ಲಿ ಈ ಶಿಸ್ತು ಅಪರೂಪ. ಪರಾಗ ಮುಟ್ಟಿಸಿದ್ದು ಕುಂಚವೋ ಜೇನ್ನೊಣವೋ ತಿಳಿಯದ ಕಾಯಿಯ ಬೀಜ ಬಿತ್ತಿ, ಸಸಿಗೆ ಹೊಸ ಹೆಸರು ಕೊಟ್ಟು, ದುಬಾರಿ ಬೆಲೆ ಕಟ್ಟುತ್ತಾರೆ. ಕಳ್ಳಿಯ ಜೊತೆಗೇ ಕುಂಡದಲ್ಲಿ ಸಾಕುವ ಅಡೇನಿಯಂ ಹೂಗಿಡದಲ್ಲಿ ಇದು ಅತಿಯಾಗಿದೆ. ಅದರ ಬೀಜದ ಸಸಿಯಲ್ಲಿ ತಾಯಿಯ ಬಣ್ಣ ಬರುವ ಖಾತರಿಯಿಲ್ಲ. ಮೆಚ್ಚಿದ ಬಣ್ಣ ಬೇಕೆಂದರೆ ಕಸಿಯೇ ಕಟ್ಟಬೇಕು, ಬುಡದ ಬೇರು ಬೇರೆ ಗಿಡದ್ದೆಂದು ಕೊಳ್ಳುವವರಿಗೆ ಹೇಳಲೂ ಬೇಕು. ಕುಂಡಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ತಾಯಿ, ತಂದೆ, ಕ್ರಾಸಿಂಗ್ ಮಾಡಿದ ತಾರೀಕು ಇಲ್ಲದ ಸಸಿಗೆ, ಹೂವು ಎಷ್ಟೇ ಚೆಂದವಿರಲಿ, ಹೊಸ ತಳಿಯ ಬೆಲೆ ಕೊಡಲು ನಾನು ಸಿದ್ಧನಿಲ್ಲ.